ಪ್ರೇಮಿಸುವವರು ಯಾರು? ಜಪಾನಿನ ಮತ್ತು ಪಶ್ಚಿಮದ ಪ್ರೇಮದ ವಿಷುಯಲ್ ನಾವೆಲ್‌ಗಳು: ನಾಲ್ಕು ಆಟಗಳ ವಿಮರ್ಶೆ

ಪ್ರೇಮದ ವಿಷುಯಲ್ ನಾವೆಲ್, ಅಂದರೆ ಚಿತ್ರ ನೋಡುತ್ತಾ ಮಾತು ಓದುತ್ತಾ ಆಡುವ ಕಥೆಯ ಆಟ, ಒಂದನ್ನು ಆಡಿ ನೋಡೋಣ ಎಂದು ಹೊರಟ ಹೊಸಬರು ಬಹಳ ಸಲ ಮೂರನೇ ಗಂಟೆಗೇ ಕೈಬಿಡುತ್ತಾರೆ. ಜಪಾನಿನ ಆಟ ಹಿಡಿದವರು ‘ಆಯ್ಕೆಯೇ ಬರುವುದಿಲ್ಲ, ಬರೀ ಓದುತ್ತಾ ಕೂರಬೇಕು’ ಎನ್ನುತ್ತಾರೆ. ಪಶ್ಚಿಮದ ಆಟ ಹಿಡಿದವರು ‘ಎಲ್ಲವನ್ನೂ ನನ್ನನ್ನೇ ಕೇಳುತ್ತದೆ, ಕಥೆ ಎಲ್ಲಿದೆ’ ಎನ್ನುತ್ತಾರೆ. ಇಬ್ಬರ ದೂರಿನಲ್ಲೂ ಸತ್ಯವಿದೆ. ಎರಡೂ ಕಡೆ ಪರದೆ ನೋಡಲು ಒಂದೇ ಥರ: ಹಿಂದೆ ಬೀದಿಯದೋ ಕೋಣೆಯದೋ ಚಿತ್ರ, ಮುಂದೆ ನಿಂತ ಪಾತ್ರ, ಕೆಳಗೆ ಮಾತಿನ ಪಟ್ಟಿ, ಆಗಾಗ ಎರಡು ಮೂರು ಆಯ್ಕೆ. ಒಳಗಿನ ಲೆಕ್ಕ ಮಾತ್ರ ಬೇರೆ. ಜಪಾನಿನ ಆಟದಲ್ಲಿ ಪ್ರೇಮಿಸುವ ವ್ಯಕ್ತಿ ಕಥೆಯೊಳಗೇ ಇದ್ದಾನೆ. ಅವನಿಗೆ ಹೆಸರು, ಮನೆ, ಹಳೆಯ ಗಾಯ ಎಲ್ಲ ಮೊದಲೇ ಇವೆ. ನೀವು ಅವನ ಬೆನ್ನ ಹಿಂದೆ ನಿಂತು ಅವನ ಬದುಕನ್ನು ನೋಡುತ್ತೀರಿ. ಪಶ್ಚಿಮದ ಆಟದಲ್ಲಿ ಪ್ರೇಮಿಸುವ ವ್ಯಕ್ತಿಯನ್ನು ನೀವೇ ಕಟ್ಟಬೇಕು. ಆಟದ ಉದ್ದ, ಸೇವ್ ಮಾಡುವ ಕ್ರಮ, ದನಿ, ಮುಕ್ತಾಯ, ಇವೆಲ್ಲದರ ವ್ಯತ್ಯಾಸಕ್ಕೂ ಬೇರು ಇಲ್ಲೇ ಇದೆ.

ಇಲ್ಲಿ ತೂಗಿ ನೋಡಿರುವುದು ನಾಲ್ಕು ಆಟ. ಜಪಾನಿನಿಂದ ಕೀ ಸಂಸ್ಥೆಯ ಕ್ಲಾನಾಡ್ ಮತ್ತು ಒಟೊಮೇಟ್‌ನ ಕಾಲರ್ ಮ್ಯಾಲಿಸ್. ಪಶ್ಚಿಮದಿಂದ ಜಿಬಿ ಪ್ಯಾಚ್ ಗೇಮ್ಸ್‌ನ ‘ಅವರ್ ಲೈಫ್: ಬಿಗಿನಿಂಗ್ಸ್ ಅಂಡ್ ಆಲ್ವೇಸ್’, ಮತ್ತು ಎರಡೂ ದಡದಲ್ಲಿ ಕಾಲಿಟ್ಟು ನಿಂತ ಕತಾವಾ ಶೋಜೊ. ಇನ್ನೆರಡು ಮೂರು ಹೆಸರು ದಾರಿಯಲ್ಲಿ ಬಂದು ಹೋಗುತ್ತವೆ.

ವಂಶಾವಳಿ ಸ್ವಲ್ಪ ತಿಳಿದಿದ್ದರೆ ಒಳ್ಳೆಯದು. ಚುನ್‌ಸಾಫ್ಟ್ 1992ರಲ್ಲಿ ಸೂಪರ್ ಫ್ಯಾಮಿಕಾಂ ಎಂಬ ಆಟದ ಯಂತ್ರಕ್ಕೆ ತಂದ ಓತೊಗಿರಿಸೋ ಎಂಬ ಆಟ ಪರದೆಯ ತುಂಬ ಅಕ್ಷರ ಹರಡಿ ಓದಿಸಿತು. ಅವರು ಅದನ್ನು ಸೌಂಡ್ ನಾವೆಲ್ ಎಂದು ಕರೆದರು. 1996ರಲ್ಲಿ ಲೀಫ್ ಸಂಸ್ಥೆ ತನ್ನ ಸರಣಿಗೆ ವಿಷುಯಲ್ ನಾವೆಲ್ ಎಂಬ ಹೆಸರಿಟ್ಟಿತು. ಇವೆರಡರ ನಡುವೆ, 1994ರಲ್ಲಿ, ಕೊನಾಮಿಯ ತೊಕಿಮೆಕಿ ಮೆಮೋರಿಯಲ್ ಬಂತು. ಅದು ಓದುವ ಆಟಕ್ಕಿಂತ ಹೆಚ್ಚಾಗಿ ವೇಳಾಪಟ್ಟಿಯ ಆಟ: ಹೈಸ್ಕೂಲಿನ ಮೂರು ವರ್ಷ, ಯಾವ ವಾರ ಏನು ಮಾಡಬೇಕೆಂದು ನೀವು ಗೊತ್ತುಮಾಡಬೇಕು. ಪರಿಚಯವಾದ ಹುಡುಗಿಯನ್ನು ಬಹಳ ದಿನ ಮಾತಾಡಿಸದೆ ಬಿಟ್ಟರೆ ಅವಳ ಹೆಸರಿನ ಪಕ್ಕ ಬಾಂಬಿನ ಗುರುತು ಬರುತ್ತದೆ. ಅದು ಸಿಡಿದರೆ ಉಳಿದವರ ಮನಸ್ಸೂ ನಿಮ್ಮ ಮೇಲೆ ಮುರಿಯುತ್ತದೆ. ಅದೇ ವರ್ಷ ಕೋಯ್ ಸಂಸ್ಥೆಯ ರೂಬಿ ಪಾರ್ಟಿ ತಂಡ ಆಂಜೆಲೀಕ್ ಆಟವನ್ನು ಹೆಂಗಸರಿಗಾಗಿ ಮಾಡಿ ಒಟೊಮೆ ಎಂಬ ಇನ್ನೊಂದು ಕವಲನ್ನು ತೆರೆಯಿತು. ಪಶ್ಚಿಮದವರು ಈ ಮನೆಯ ಶಿಷ್ಯರು. ಅಲ್ಲಿನ ಬಹುಪಾಲು ಆಟಗಳನ್ನು ಕಟ್ಟುವ ರೆನ್‌ಪೈ ಎಂಬ ಉಚಿತ ಎಂಜಿನ್ 2004ರಲ್ಲಿ ಹುಟ್ಟಿತು. ಅದರ ಹೆಸರಿನಲ್ಲೇ ಜಪಾನಿ ಭಾಷೆಯ ‘ರೆನ್‌ಆಯ್’, ಅಂದರೆ ಪ್ರೇಮ, ಪೈಥಾನ್ ಭಾಷೆಯ ಜೊತೆ ಕೂಡಿಕೊಂಡಿದೆ.

ಈಗ ಕ್ಲಾನಾಡ್. ಮೊದಲು ಬಂದದ್ದು 2004ರ ಏಪ್ರಿಲ್‌ನಲ್ಲಿ, ದನಿಯಿಲ್ಲದೆ. ಈಗ ಸ್ಟೀಮ್ ಎಂಬ ಅಂತರ್ಜಾಲದ ಆಟದ ಅಂಗಡಿಯಲ್ಲಿ ಸಿಗುವ ಇಂಗ್ಲಿಷ್ ಆವೃತ್ತಿ 2015ರ ನವೆಂಬರ್‌ನದು. ಅದರಲ್ಲಿ ಜಪಾನಿ ದನಿ ಇದೆ, ಜೊತೆಗೆ ಡಾಂಗೊಪೀಡಿಯ ಎಂಬ ಅರ್ಥಕೋಶವೂ ಇದೆ. ಊರಿನ ತಿಂಡಿ, ಶಾಲೆಯ ಪದ್ಧತಿ, ಮಾತಿನ ಶ್ಲೇಷೆ ಬಂದಾಗ ಕಥೆ ನಿಲ್ಲಿಸದೆ ಅದನ್ನು ತೆರೆದು ನೋಡಬಹುದು. ಜಪಾನಿನ ಆಟ ಹೊಸದಾಗಿ ಓದುವವರಿಗೆ ಇಷ್ಟು ಅನುಕೂಲ ಬೇರೆ ಕಡೆ ಅಪರೂಪ. ಇದೇ ತಂಡದ ಹಿಂದಿನ ಆಟಗಳಾದ ಕಾನನ್ ಮತ್ತು ಏರ್ ಮೊದಲು ವಯಸ್ಕರ ದೃಶ್ಯಗಳೊಂದಿಗೆ ಬಂದವು. ಕ್ಲಾನಾಡ್ ಹುಟ್ಟಿನಿಂದಲೇ ಎಲ್ಲ ವಯಸ್ಸಿನವರಿಗೆ ಎಂದು ಬರೆದದ್ದು.

ಕಥಾನಾಯಕ ತೊಮೊಯ ಒಕಜಾಕಿ. ತಂದೆಯೊಂದಿಗೆ ಮಾತು ಬಿಟ್ಟವನು, ಭುಜದ ಗಾಯದಿಂದ ಬ್ಯಾಸ್ಕೆಟ್‌ಬಾಲ್ ಬಿಟ್ಟವನು, ಶಾಲೆಗೆ ತಡವಾಗಿ ಬರುವವನು. ಚೆರಿ ಮರಗಳ ಏರುದಾರಿಯ ಬುಡದಲ್ಲಿ ನಾಗಿಸ ಫುರುಕಾವ ಎಂಬ ಹುಡುಗಿ ಮೇಲೆ ಹೋಗಲು ಧೈರ್ಯ ಸಾಲದೆ ನಿಂತು, ತನಗೆ ಇಷ್ಟವಾದ ತಿಂಡಿಯ ಹೆಸರನ್ನು ಮಂತ್ರದಂತೆ ಹೇಳಿಕೊಳ್ಳುತ್ತಾಳೆ. ಅಲ್ಲಿಂದ ಕಥೆ ಶುರು. ಏಪ್ರಿಲ್ 14ರಿಂದ ದಿನ ಒಂದೊಂದಾಗಿ ಸರಿಯುತ್ತದೆ. ಮೊದಲ ಹಲವು ಗಂಟೆ ಎಲ್ಲರಿಗೂ ಒಂದೇ ದಾರಿ. ಇದಕ್ಕೆ ಕಾಮನ್ ರೂಟ್ ಎನ್ನುತ್ತಾರೆ. ಇಲ್ಲಿ ಬರುವ ಆಯ್ಕೆಗಳೆಲ್ಲ ಸಪ್ಪೆಯಾಗಿ ಕಾಣುತ್ತವೆ: ತರಗತಿಯಲ್ಲೇ ಇರು, ಲೈಬ್ರರಿಗೆ ಹೋಗು, ಗೆಳೆಯ ಸುನೊಹಾರನ ಮಾತು ಕೇಳು, ಬಿಡು. ಇದಕ್ಕೂ ಪ್ರೇಮಕ್ಕೂ ಏನು ಸಂಬಂಧ ಅನ್ನಿಸಿದರೂ ಆಟ ಒಳಗೊಳಗೇ ಗುರುತು ಹಾಕಿಕೊಳ್ಳುತ್ತಿರುತ್ತದೆ. ಆಡುವವರ ಮಾತಿನಲ್ಲಿ ಅದು ಫ್ಲ್ಯಾಗ್. ಪಾಠದ ಹೊತ್ತಿನಲ್ಲಿ ಲೈಬ್ರರಿಗೆ ಹೋಗದಿದ್ದರೆ ಕೊತೊಮಿ ಎಂಬವಳ ಪರಿಚಯವೇ ಆಗುವುದಿಲ್ಲ. ಒಂದು ದಿನ ಹೋಗಿ ಮರುದಿನ ಬಿಟ್ಟರೆ ಅವಳ ಕಥೆ ಬೆಳೆಯುವುದಿಲ್ಲ.

ಹೊಸಬರು ಎಡವುವುದು ಇಲ್ಲೇ. ಎಲ್ಲರಿಗೂ ಒಳ್ಳೆಯವರಾಗಿರೋಣ ಎಂದು ಒಂದು ದಿನ ಇವಳ ಕಡೆ, ಒಂದು ದಿನ ಅವಳ ಕಡೆ ಹೋಗುತ್ತಾರೆ. ಯಾರ ಫ್ಲ್ಯಾಗೂ ಪೂರ್ತಿಯಾಗುವುದಿಲ್ಲ. ಕಥೆ ಯಾರ ದಾರಿಗೂ ಸೇರದೆ ನೀರಸವಾಗಿ ಮುಗಿದುಹೋಗುತ್ತದೆ. ಪರಿಹಾರ ಸುಲಭ. ಒಂದು ಸುತ್ತಿಗೆ ಒಬ್ಬರೇ ಎಂದು ಮೊದಲೇ ತೀರ್ಮಾನಿಸಿ, ಆಯ್ಕೆ ಬಂದಾಗಲೆಲ್ಲ ಆ ಪಾತ್ರ ಎಲ್ಲಿರಬಹುದೆಂದು ಯೋಚಿಸಿ ಆ ಕಡೆಗೇ ಹೋಗಿ. ಪ್ರತಿ ಆಯ್ಕೆಯ ಮುಂಚೆ ಹೊಸ ಜಾಗದಲ್ಲಿ ಸೇವ್ ಮಾಡಿ, ಹಳೆಯದರ ಮೇಲೆ ಬರೆಯಬೇಡಿ. ಕಥೆಯೊಳಗಿನ ತಾರೀಖನ್ನೇ ಗುರುತಾಗಿ ಇಟ್ಟುಕೊಂಡರೆ ಎರಡನೇ ಸುತ್ತಿನಲ್ಲಿ ಎಲ್ಲಿಗೆ ಹಿಂದಿರುಗಬೇಕೆಂಬುದು ಕೂಡಲೇ ತಿಳಿಯುತ್ತದೆ. ಓದಿದ ಭಾಗವನ್ನು ಸ್ಕಿಪ್ ಹಾರಿಸುತ್ತದೆ, ಓದದಿದ್ದಲ್ಲಿ ನಿಲ್ಲುತ್ತದೆ. ಹಾಗಾಗಿ ಎರಡನೇ ಸುತ್ತಿನ ಕಾಮನ್ ರೂಟ್ ಕೆಲವೇ ನಿಮಿಷದ ಕೆಲಸ.

ಇಷ್ಟು ಸುತ್ತು ಯಾಕೆ ಹಾಕಬೇಕು? ಒಬ್ಬೊಬ್ಬರ ಕಥೆ ಒಳ್ಳೆಯ ರೀತಿಯಲ್ಲಿ ಮುಗಿದಂತೆ ಬೆಳಕಿನ ಗೋಳಗಳು ಸಿಗುತ್ತವೆ. ಅವು ಸಾಕಷ್ಟು ಕೂಡಿದ ಮೇಲೇ ‘ಆಫ್ಟರ್ ಸ್ಟೋರಿ’ ಎಂಬ ಎರಡನೇ ಭಾಗ ತೆರೆಯುತ್ತದೆ. ಪ್ರೇಮದ ಆಟಗಳು ಸಾಮಾನ್ಯವಾಗಿ ಮುಗಿಯುವ ಜಾಗದಿಂದ ಅದು ಮುಂದಕ್ಕೆ ಹೋಗುತ್ತದೆ: ಬಾಡಿಗೆ ಮನೆ, ವಿದ್ಯುತ್ ಕಂಬ ಹತ್ತುವ ಕೆಲಸ, ಮದುವೆ, ಅಪ್ಪನಾಗುವುದು. ಉಳಿದವರ ಕಥೆಗಳನ್ನು ಓದಿರದಿದ್ದರೆ ಈ ಭಾಗದ ಭಾರ ಅರ್ಧಕ್ಕಿಳಿಯುತ್ತದೆ, ಏಕೆಂದರೆ ಊರು ಎಂಬುದೇ ಇದರ ವಸ್ತು, ಊರು ಅಂದರೆ ಆ ಉಳಿದ ಜನ. ಜಪಾನಿನ ಕ್ರಮದ ಶ್ರೇಷ್ಠತೆ ಇಲ್ಲಿ ಕಾಣುತ್ತದೆ. ಹಲವು ರೂಟ್‌ಗಳು ಹಲವು ಸಾಧ್ಯತೆಗಳಾಗಿ ಬಿಡಿಬಿಡಿಯಾಗಿ ಉಳಿಯುವುದಿಲ್ಲ. ಒಂದೇ ಗೋಡೆಯ ಕಲ್ಲುಗಳಾಗುತ್ತವೆ. ಎಲ್ಲ ಸೇರಿ 50 ಗಂಟೆ ದಾಟುತ್ತದೆ. ಮೊದಲು ಕೊತೊಮಿ ಅಥವಾ ಫೂಕೊ, ಆಮೇಲೆ ತೊಮೊಯೊ ಮತ್ತು ಕ್ಯೋ ಎಂಬ ಹುಡುಗಿಯರು, ಕೊನೆಗೆ ನಾಗಿಸ ಎಂಬ ಕ್ರಮ ಹಿಡಿದರೆ ದಣಿವಾಗುವುದಿಲ್ಲ. ಆಟದ ದೊಡ್ಡ ಕೊರತೆಯನ್ನೂ ಹೇಳಬೇಕು: ಹಾಸ್ಯದ ಭಾಗಗಳು ಅತಿ ಉದ್ದ. ಸುನೊಹಾರ ಏಟು ತಿನ್ನುವ ತಮಾಷೆ ಮೂರು ಸಲ ಚೆನ್ನ, ಮೂವತ್ತು ಸಲಕ್ಕೆ ಸಾಕಾಗುತ್ತದೆ. ಚಿತ್ರಗಳಲ್ಲಿ ಮುಖಕ್ಕಿಂತ ಕಣ್ಣೇ ದೊಡ್ಡದು. ಆ ಕಾಲದ ಶೈಲಿ, ಒಗ್ಗಲು ಒಂದೆರಡು ಗಂಟೆ ಬೇಕು.

ಈ ಆಟಗಳಲ್ಲಿ ಕನ್ನಡದ ಓದುಗರಿಗೆ ಇಂಗ್ಲಿಷ್ ಓದುಗರಿಗಿಂತ ಬೇಗ ದಕ್ಕುವ ಒಂದು ಸಂಗತಿ ಇದೆ. ಕ್ಲಾನಾಡ್‌ನಲ್ಲಿ ತೊಮೊಯ ಮೊದಲು ನಾಗಿಸಳನ್ನು ಫುರುಕಾವ ಎಂದು ಮನೆತನದ ಹೆಸರಿನಿಂದ ಕರೆಯುತ್ತಾನೆ. ಅವಳು ಅವನನ್ನು ಒಕಜಾಕಿ-ಸಾನ್ ಎನ್ನುತ್ತಾಳೆ. ನಾಗಿಸ ಎಂದು ಅವನು, ತೊಮೊಯ-ಕುನ್ ಎಂದು ಅವಳು ಕರೆಯುವ ಹೊತ್ತಿಗೆ ಪ್ರೇಮ ಒಂದು ಹೊಸಿಲು ದಾಟಿದೆ. ನಮ್ಮಲ್ಲಿ ‘ನೀವು’ ಎನ್ನುತ್ತಿದ್ದವರು ಒಂದು ಸಂಜೆ ‘ನೀನು’ ಎಂದುಬಿಟ್ಟರೆ ಎದುರಿನವರ ಎದೆ ಹೇಗೆ ಒಂದು ಕ್ಷಣ ನಿಲ್ಲುತ್ತದೋ ಹಾಗೆ. ಇಂಗ್ಲಿಷಿಗೆ ಈ ಮೆಟ್ಟಿಲು ಇಲ್ಲ. ಅನುವಾದಕರು ಹೆಸರಿನ ಕೊನೆಗೆ ಗೌರವಕ್ಕೋ ಸಲುಗೆಗೋ ಸೇರಿಸುವ ಸಾನ್, ಕುನ್, ಚಾನ್‌ಗಳನ್ನು ಉಳಿಸಿಕೊಂಡರೆ ಹೊಸಬರಿಗೆ ತೊಡಕು, ತೆಗೆದುಹಾಕಿದರೆ ಮೆಟ್ಟಿಲೇ ಮಾಯ. ಜಪಾನಿ ದನಿಯನ್ನು ಎಂದೂ ಮುಚ್ಚಬೇಡಿ ಎನ್ನುವುದು ಇದಕ್ಕೇ. ಅಕ್ಷರದಲ್ಲಿ ಬಿಟ್ಟುಹೋದ ಸಾನ್ ಕಿವಿಗೆ ಬೀಳುತ್ತದೆ. ಹಾಗೆಯೇ ಕೊಕುಹಾಕು ಎಂಬ ಪದ್ಧತಿ ತಿಳಿದಿರಲಿ: ಎದುರು ನಿಂತು ‘ನಿನ್ನನ್ನು ಇಷ್ಟಪಡುತ್ತೇನೆ’ ಎಂದು ಬಾಯಿಬಿಟ್ಟು ಹೇಳಿ, ಎದುರಿನವರು ಹೂಂ ಅಂದ ಮೇಲೇ ಜಪಾನಿನಲ್ಲಿ ಜೋಡಿ ಎನ್ನಿಸಿಕೊಳ್ಳುವುದು. ಶಾಲೆಯ ಕಥೆಗಳಲ್ಲಿ ಇಡೀ ಆಟ ಆ ಒಂದು ವಾಕ್ಯದ ಕಡೆಗೆ ನಡೆಯುತ್ತದೆ. ಇಷ್ಟು ಹೊತ್ತು ಇವನು ಯಾಕೆ ಹೇಳುವುದಿಲ್ಲ ಎಂದು ಬೇಸರಿಸುವವರು ಆ ವಾಕ್ಯದ ತೂಕ ಅರಿಯದವರು.

ಕಾಲರ್ ಮ್ಯಾಲಿಸ್ ಒಟೊಮೆ ಕವಲಿನದು: ನಾಯಕಿ ಹೆಣ್ಣು, ಪ್ರೇಮಿಸಬಹುದಾದ ಗಂಡಸರು ಐವರು. 2016ರಲ್ಲಿ ಜಪಾನಿನಲ್ಲಿ ವೀಟಾ ಯಂತ್ರಕ್ಕೆ ಬಂತು, ಮರುವರ್ಷ ಅಕ್ಸಿಸ್ ಎಂಬ ಪ್ರಕಾಶಕ ಸಂಸ್ಥೆ ಇಂಗ್ಲಿಷ್‌ನಲ್ಲಿ ತಂದಿತು, 2020ರಲ್ಲಿ ನಿಂಟೆಂಡೊ ಸ್ವಿಚ್ ಯಂತ್ರಕ್ಕೆ ಬಂತು. ನಾಯಕಿ ಇಚಿಕಾ ಹೊಶಿನೊ ಪೊಲೀಸ್ ಕೆಲಸದವಳು. ಅಡೋನಿಸ್ ಎಂಬ ಗುಂಪಿನ ಕೊಲೆಗಳಿಂದ ಶಿಂಜುಕು ಪ್ರದೇಶವನ್ನು ಬೇರ್ಪಡಿಸಲಾಗಿದೆ. ಆ ಗುಂಪು ಅವಳ ಕುತ್ತಿಗೆಗೆ ವಿಷ ತುಂಬಿದ ಪಟ್ಟಿಯೊಂದನ್ನು ತೊಡಿಸುತ್ತದೆ. ಒಬ್ಬೊಬ್ಬ ನಾಯಕನ ರೂಟ್‌ನಲ್ಲಿ ಒಂದೊಂದು ಪ್ರಕರಣ ಬಿಡಿಸಿಕೊಳ್ಳುತ್ತದೆ. ಐವರಲ್ಲಿ ಯಾನಗಿಯ ರೂಟ್‌ಗೆ ಮಾತ್ರ ಬೀಗ. ಉಳಿದ ನಾಲ್ವರದು ಮುಗಿಸಿದ ಮೇಲೇ ತೆರೆಯುತ್ತದೆ, ಪೂರ್ತಿ ಸತ್ಯವೂ ಅಲ್ಲೇ. ಎನೊಮೊತೊನಿಂದ ಶುರು ಮಾಡುವುದು ಒಳ್ಳೆಯದು, ಅವನ ಕಥೆ ಹಗುರ, ಪ್ರಕರಣದ ಪರಿಚಯವೂ ಆಗುತ್ತದೆ. ಶಿರಾಇಶಿಯನ್ನು ಯಾನಗಿಗೆ ತೀರ ಮುಂಚೆ ಇಟ್ಟುಕೊಳ್ಳಿ. ಕೆಟ್ಟ ಮುಕ್ತಾಯಗಳು ಇಲ್ಲಿ ಶಿಕ್ಷೆಯಾಗಿ ಬರುವುದಿಲ್ಲ, ತನಿಖೆಯ ಭಾಗವಾಗಿ ಬರುತ್ತವೆ. ಅವನ್ನು ಓದದೆ ಹಾರಿಸಿದರೆ ಪಾತ್ರಗಳ ಭಯ ಏನೆಂಬುದು ತಿಳಿಯುವುದಿಲ್ಲ. ಒಟೊಮೆ ಆಟಗಳಲ್ಲಿ ನಾಯಕಿಯ ಹೆಸರು ಬದಲಿಸಲು ಅವಕಾಶ ಇರುವುದು ರೂಢಿ, ಆದರೆ ಬದಲಿಸಿದರೆ ದನಿಯಲ್ಲಿ ಆ ಹೆಸರು ಬರಲಾರದು. ಅಕ್ಷರ ಒಂದು, ಕೇಳುವುದು ಒಂದು. ಮೂಲ ಹೆಸರನ್ನೇ ಬಿಡಿ. ಅದಕ್ಕಿಂತ ಮುಖ್ಯ ಕಾರಣವೂ ಇದೆ: ಇಚಿಕಾ ನೀವಲ್ಲ, ಅವಳಿಗೆ ತನ್ನದೇ ತಮ್ಮ, ತನ್ನದೇ ಹಟ, ತನ್ನದೇ ನ್ಯಾಯದ ಕಲ್ಪನೆ ಇದೆ. ಅವಳನ್ನು ಅವಳಾಗಿಯೇ ಓದಿದಾಗ ಆಟ ಅರಳುತ್ತದೆ.

ಇದಕ್ಕೆ ಪೂರ್ತಿ ತಿರುಗಿ ನಿಂತದ್ದು ಅವರ್ ಲೈಫ್. 2020ರ ನವೆಂಬರ್‌ನಲ್ಲಿ ಬಂತು, ಮೂಲ ಆಟ ಉಚಿತ, ರೆನ್‌ಪೈಯಲ್ಲಿ ಕಟ್ಟಿದ್ದು. ಸನ್‌ಸೆಟ್ ಬರ್ಡ್ ಎಂಬ ಕಡಲತೀರದ ಸಣ್ಣ ಊರು. ನಿಮ್ಮ ಪಾತ್ರಕ್ಕೆ 8 ವರ್ಷವಾಗಿದ್ದಾಗ ಎದುರುಮನೆಗೆ ಕೋವ್ ಹೋಲ್ಡನ್ ಎಂಬ ಹುಡುಗ ಬರುತ್ತಾನೆ. ಅಪ್ಪ ಅಮ್ಮ ಬೇರೆಯಾಗಿರುವ ದುಃಖ ಅವನದು. ಅವನ ಜೊತೆ ಗೆಳೆತನ ಮಾಡು ಎಂದು ಅವನ ಅಪ್ಪ ನಿಮ್ಮ ಕೈಗೆ 20 ಡಾಲರ್ ಹಿಡಿಸಲು ಬರುತ್ತಾನೆ. ತೆಗೆದುಕೊಳ್ಳಬಹುದು, ಬೇಡ ಎನ್ನಬಹುದು. ಎಂಟು ವರ್ಷದ ಮಗುವಿನ ಮುಂದೆ ಇಟ್ಟ ಈ ಪುಟ್ಟ ಪ್ರಶ್ನೆ ಆಟದ ಅತ್ಯುತ್ತಮ ದೃಶ್ಯಗಳಲ್ಲಿ ಒಂದು. ಆಮೇಲೆ ಕಥೆ 13ಕ್ಕೆ, 18ಕ್ಕೆ ಜಿಗಿಯುತ್ತದೆ, ಕೊನೆಗೆ ದೊಡ್ಡವರಾದ ಮೇಲಿನ ಒಂದು ಉಪಸಂಹಾರ.

ಶುರುವಿನಲ್ಲೇ ಹೆಸರು, ಸರ್ವನಾಮ, ರೂಪ ಎಲ್ಲ ನೀವು ಗೊತ್ತುಮಾಡಬೇಕು. ಹಂತ ಬದಲಾದಾಗ ವಯಸ್ಸಿಗೆ ತಕ್ಕಂತೆ ಅದನ್ನು ಬದಲಿಸಬಹುದು. ಕೋವ್ ಬಗ್ಗೆ ನಿಮ್ಮ ಪಾತ್ರಕ್ಕೆ ಏನನ್ನಿಸುತ್ತದೆ ಎಂದೂ ಆಟ ನೇರವಾಗಿ ಕೇಳುತ್ತದೆ: ಅಷ್ಟಕ್ಕಷ್ಟೆಯೋ, ಅಕ್ಕರೆಯೋ, ಸೆಳೆತವೋ, ದೊಡ್ಡವರಾದಾಗ ಪ್ರೇಮವೋ. ಕೈ ಹಿಡಿಯುವುದು, ಅಪ್ಪಿಕೊಳ್ಳುವುದು ಹಿತವೇ ಎಂಬುದನ್ನೂ ಕೇಳಿಕೊಳ್ಳುತ್ತದೆ. ಗುಟ್ಟಿನ ಫ್ಲ್ಯಾಗ್ ಹುಡುಕುವ ಕೆಲಸ ಇಲ್ಲ. ಕೆಟ್ಟ ಮುಕ್ತಾಯವೂ ಇಲ್ಲ. ಕೊನೆಯವರೆಗೆ ಬರೀ ಗೆಳೆಯರಾಗಿ ಉಳಿದರೆ ಆಟ ಅದನ್ನು ಸೋಲೆಂದು ಬಗೆಯದೆ, ಆ ಗೆಳೆತನಕ್ಕೇ ದೃಶ್ಯಗಳನ್ನು ಬರೆದುಕೊಟ್ಟಿದೆ. ಜಪಾನಿನ ಪ್ರೇಮದ ಆಟಗಳು ಈ ಮರ್ಯಾದೆಯನ್ನು ಗೆಳೆತನಕ್ಕೆ ಕೊಡುವುದು ಬಹಳ ಕಡಿಮೆ.

ಪ್ರತಿ ಹಂತದಲ್ಲೂ ಮೊಮೆಂಟ್ ಎಂಬ ಬಿಡಿ ಘಟನೆಗಳ ಪಟ್ಟಿ ಇರುತ್ತದೆ. ಬೇಕಾದ ಕ್ರಮದಲ್ಲಿ ಆಡಬಹುದು, ಬೇಡವಾದ್ದನ್ನು ಬಿಡಬಹುದು. ಹೆಚ್ಚುವರಿ ಮೊಮೆಂಟ್‌ಗಳನ್ನು ಹಣ ಕೊಟ್ಟು ಕೊಳ್ಳಬೇಕು. ಡೆರೆಕ್ ಮತ್ತು ಬ್ಯಾಕ್ಸ್‌ಟರ್ ಎಂಬ ಇನ್ನಿಬ್ಬರ ಜೊತೆಗಿನ ಪ್ರೇಮವೂ ಹಣ ಕೊಟ್ಟವರಿಗೆ. ಇಲ್ಲಿ ಎಚ್ಚರಿಕೆ ಬೇಕು. ಒಂದು ಹಂತ ಮುಗಿಸಿ ಮುಂದೆ ಹೋದ ಮೇಲೆ ಆ ಹಂತದ ಹೆಚ್ಚುವರಿ ಕೊಂಡರೆ ಹಳೆಯ ಸೇವ್‌ಗೆ ಹಿಂದಿರುಗಿ ಅಲ್ಲಿಂದ ಮತ್ತೆ ಆಡಬೇಕಾಗುತ್ತದೆ. ಆದ್ದರಿಂದ ಮೊದಲ ಹಂತವನ್ನು ಉಚಿತವಾಗಿ ಆಡಿ ನೋಡಿ. ಹಿಡಿಸಿತೆಂದರೆ ಎರಡನೇ ಹಂತಕ್ಕೆ ಕಾಲಿಡುವ ಮುಂಚೆಯೇ ಕೊಳ್ಳಿ. ಪ್ರತಿ ಹಂತದ ಮೊದಲ ದೃಶ್ಯದಲ್ಲಿ ಒಂದು, ಕೊನೆಯ ದೃಶ್ಯಕ್ಕೆ ಮುಂಚೆ ಒಂದು ಸೇವ್ ಇಟ್ಟುಕೊಂಡರೆ ಸಾಕು.

ಇದರ ದೋಷ ಇದರ ಗುಣದ ಬೆನ್ನಿಗೇ ಇದೆ. ನಿಮ್ಮ ಪಾತ್ರ ಹೇಗಿದ್ದರೂ ಒಪ್ಪಬೇಕಾದ್ದರಿಂದ ಉಳಿದವರು ಅದನ್ನು ಗಟ್ಟಿಯಾಗಿ ಎದುರು ಹಾಕಿಕೊಳ್ಳುವಂತಿಲ್ಲ. ಕೋವ್ ಬಹಳ ಚೆನ್ನಾಗಿ ಬರೆದ ಹುಡುಗ. ಅಪ್ಪನ ಮೇಲಿನ ಅವನ ಸಿಟ್ಟು, ನಾಚಿಕೆ, ಹಟ ಎಲ್ಲ ನಿಜ ಅನ್ನಿಸುತ್ತದೆ. ಆದರೆ ನೀವು ಪ್ರತಿ ಸಲ ಮಧ್ಯದ ಸಾಧಾರಣ ಉತ್ತರವನ್ನೇ ಒತ್ತುತ್ತಾ ಹೋದರೆ ಅವನೆದುರು ನಿಂತ ವ್ಯಕ್ತಿಗೆ ಮುಖವೇ ಇಲ್ಲದಂತಾಗಿ ದೃಶ್ಯಗಳು ತಣ್ಣಗಾಗುತ್ತವೆ. ಆಡುವ ಮುಂಚೆ ನಿಮ್ಮ ಪಾತ್ರದ ಸ್ವಭಾವ ಎರಡು ಮಾತಿನಲ್ಲಿ ಬರೆದಿಟ್ಟುಕೊಳ್ಳಿ: ಮುಂಗೋಪಿ ಆದರೆ ಕರುಣೆಯುಳ್ಳವಳು, ಅಥವಾ ಅಂಜುಬುರುಕ ಆದರೆ ಸುಳ್ಳು ಹೇಳದವನು. ಉತ್ತರ ಒತ್ತುವಾಗ ಅದಕ್ಕೆ ನಿಷ್ಠರಾಗಿರಿ. ಈ ಒಂದು ಕ್ರಮದಿಂದ ಆಟದ ರುಚಿಯೇ ಬದಲಾಗುತ್ತದೆ. ಕ್ಲಾನಾಡ್‌ನಲ್ಲಿ ಬರಹಗಾರರು ಮಾಡಿದ ಕೆಲಸವನ್ನು ಇಲ್ಲಿ ಸ್ವಲ್ಪ ನೀವು ಮಾಡಬೇಕು.

ಈಗ ಕತಾವಾ ಶೋಜೊ. ರಾಯ್ತಾ ಎಂಬ ಜಪಾನಿ ಚಿತ್ರಕಾರ ಬರೆದ ಒಂದು ಪುಟದ ರೇಖಾಚಿತ್ರವನ್ನು 2007ರಲ್ಲಿ ಅಂತರ್ಜಾಲದಲ್ಲಿ ಕಂಡ ಹಲವು ದೇಶಗಳ ಹವ್ಯಾಸಿಗಳು ಫೋರ್ ಲೀಫ್ ಸ್ಟುಡಿಯೋಸ್ ಎಂದು ಸೇರಿ, ಐದು ವರ್ಷ ಕೂತು ಬರೆದು 2012ರ ಜನವರಿ 4ರಂದು ಉಚಿತವಾಗಿ ಹಂಚಿದರು. ಇದೂ ರೆನ್‌ಪೈ ಆಟ. ಹೆಸರಿನಲ್ಲಿರುವ ‘ಕತಾವಾ’ ಜಪಾನಿಯಲ್ಲಿ ಅಂಗವಿಕಲರನ್ನು ಹೀಯಾಳಿಸುವ ಪದ, ಅದೊಂದು ಕಹಿ. ಆದರೆ ಒಳಗಿನ ಬರಹ ಆ ಪದಕ್ಕೆ ಎದುರಾಗಿಯೇ ನಿಲ್ಲುತ್ತದೆ.

ಕಥೆ ತೆರೆಯುವ ರೀತಿ ನೋಡಿ. ಹಿಮದಲ್ಲಿ ಒಬ್ಬ ಹುಡುಗಿ ಹಿಸಾವೊ ನಕಾಯ್ ಎಂಬ ಹುಡುಗನಿಗೆ ಕೊಕುಹಾಕು ಹೇಳುತ್ತಾಳೆ, ಆ ಗಳಿಗೆಯಲ್ಲೇ ಅವನ ಹೃದಯ ಕೈಕೊಡುತ್ತದೆ. ಜಪಾನಿನ ಆಟಗಳು 40 ಗಂಟೆ ನಡೆದು ತಲುಪುವ ದೃಶ್ಯವನ್ನು ಈ ಶಿಷ್ಯರು ಮೊದಲ ನಿಮಿಷದಲ್ಲೇ ಇಟ್ಟು ಒಡೆದುಹಾಕಿದ್ದಾರೆ. ಹೃದಯದ ಬಡಿತ ತಪ್ಪುವ ಕಾಯಿಲೆ ಹೊತ್ತು ಹಿಸಾವೊ ಯಮಾಕು ಎಂಬ ವಿಶೇಷ ಶಾಲೆ ಸೇರುತ್ತಾನೆ. ಅಲ್ಲಿ ಐವರು: ಕಾಲಿಲ್ಲದ ಓಟಗಾರ್ತಿ ಎಮಿ, ಮುಖಕ್ಕೆ ಸುಟ್ಟಗಾಯವಾದ ಹನಾಕೊ, ಕಣ್ಣು ಕಾಣದ ಲಿಲ್ಲಿ, ಕೈಗಳಿಲ್ಲದ ಚಿತ್ರಕಾರ್ತಿ ರಿನ್, ಕಿವಿ ಕೇಳದ ಶಿಜುನೆ. ನಾಯಕನಿಗೆ ತನ್ನದೇ ಹೆಸರು, ತನ್ನದೇ ನೋವು ಇದೆ, ಇದು ಜಪಾನಿನ ಪಾಠ. ಪ್ರೇಮ ಒಪ್ಪಿಕೊಂಡ ಮೇಲಿನ ಜಗಳ, ತಪ್ಪು ತಿಳಿವಳಿಕೆ, ದೇಹದ ಮುಜುಗರ ಇವಕ್ಕೆ ಅರ್ಧ ಆಟ ಮೀಸಲಿಟ್ಟದ್ದು ಪಶ್ಚಿಮದ ಮನಸ್ಸು.

ಮೊದಲ ಅಂಕದ ಆಯ್ಕೆಗಳಲ್ಲೇ ಯಾರ ದಾರಿ ಎಂಬುದು ತೀರ್ಮಾನವಾಗುತ್ತದೆ. ಯಾರಿಗೂ ಹತ್ತಿರವಾಗದಿದ್ದರೆ ಹಿಸಾವೊ ಒಂದು ರಾತ್ರಿ ಮಹಡಿಯ ಮೇಲಿಂದ ಬಿದ್ದು ಕಥೆ ಅಲ್ಲಿಗೇ ಮುಗಿಯುತ್ತದೆ. ಹೊಸಬರಿಗೆ ಬಹಳ ಸಲ ಮೊದಲು ಸಿಗುವುದು ಇದೇ, ಗಾಬರಿಯಾಗಬೇಡಿ. ಆಯ್ಕೆಗಳ ಹಂಚಿಕೆ ಒಂದೇ ಸಮವಾಗಿಲ್ಲ: ಶಿಜುನೆಯ ದಾರಿಗೆ ಬಿದ್ದ ಮೇಲೆ ಇಡೀ ರೂಟ್‌ನಲ್ಲಿ ಸಿಗುವುದು ಒಂದೇ ಒಂದು ಆಯ್ಕೆ. ನಾಲ್ಕಾರು ಬರಹಗಾರರು ಹಂಚಿಕೊಂಡು ಬರೆದದ್ದರಿಂದ ದನಿಯೂ ಏರುಪೇರು. ಶಿಜುನೆಯ ಕಥೆ ಸಡಿಲ, ರಿನ್‌ಳದು ಐದರಲ್ಲೇ ಕಠಿಣ ಮತ್ತು ಶ್ರೇಷ್ಠ.

ಹನಾಕೊ ದಾರಿಯನ್ನು ಮಾತ್ರ ಯಾರೂ ಬಿಡಬಾರದು. ಪ್ರೇಮದ ಆಟಗಳಲ್ಲಿ ದಶಕಗಳಿಂದ ಒಂದು ನಂಬಿಕೆ ಬೆಳೆದಿದೆ: ಕಾಳಜಿ ತೋರಿಸುವ ಆಯ್ಕೆ ಒತ್ತುತ್ತಾ ಹೋದರೆ ಪ್ರೇಮ ಸಿಗುತ್ತದೆ. ಇಲ್ಲಿ ಅದೇ ಕೈಕೊಡುತ್ತದೆ. ಅವಳನ್ನು ಒಡೆದುಹೋಗುವ ಗಾಜಿನಂತೆ ಕಾಯುತ್ತಾ ಹೋದರೆ ಅವಳು ಒಂದು ದಿನ ಸಿಡಿದು, ನನ್ನನ್ನು ಮನುಷ್ಯಳಂತೆ ಕಾಣಲೇ ಇಲ್ಲ ಎಂದು ಹೊರಗೆ ಹಾಕುತ್ತಾಳೆ. ಒಳ್ಳೆಯ ಮುಕ್ತಾಯ ಬೇಕೆಂದರೆ ಅವಳಿಗೆ ಅವಳ ಪಾಡಿಗೆ ಇರಲು ಬಿಡಬೇಕು. ಈ ಕವಲಿನ ಹಿಂದಿನ ಸೇವ್ ಇಟ್ಟುಕೊಂಡು ಎರಡೂ ಮುಕ್ತಾಯ ಓದಿ. ವಯಸ್ಕರ ದೃಶ್ಯಗಳೂ ಇವೆ. ಬೇಡವಾದವರು ಆಡುವ ಮುಂಚೆ ಆಪ್ಷನ್ಸ್ ಪುಟದಲ್ಲಿ ಅವನ್ನು ಮುಚ್ಚಬಹುದು, ಕಥೆ ತುಂಡಾಗುವುದಿಲ್ಲ.

ಶಾಲೆ ಸಾಕು, ದೊಡ್ಡವರ ಪ್ರೇಮ ಬೇಕು ಅನ್ನುವವರಿಗೆ 2017ರ ಡ್ರೀಮ್ ಡ್ಯಾಡಿ ಇದೆ: ಕಾಲೇಜಿಗೆ ಹೊರಟ ಮಗಳಿರುವ ಅಪ್ಪ, ಹೊಸ ಊರು, ಪರಿಚಯವಾಗುವ ಏಳು ಅಪ್ಪಂದಿರು. ಒಬ್ಬನ ಜೊತೆ ಮೂರನೇ ಭೇಟಿಗೆ ಹೋದರೆ ಕಥೆ ಅವನ ಕಡೆಗೇ ಮುಗಿಯುವುದರಿಂದ, ಎಲ್ಲರನ್ನೂ ಎರಡೆರಡು ಸಲ ಭೇಟಿಯಾಗಿ ಸೇವ್ ಮಾಡಿಕೊಂಡು ಆಮೇಲೆ ಮುಂದೆ ಹೋಗಿ. ಬಾರ್ಸಿಲೋನಾದ ಬ್ಯೂಟಿಫುಲ್ ಗ್ಲಿಚ್ ತಂಡದ ಮಾನ್ಸ್ಟರ್ ಪ್ರಾಮ್ ಅನ್ನು ನಾಲ್ವರವರೆಗೆ ಒಟ್ಟಿಗೆ ಕೂತು ಆಡಬಹುದು, ಒಂದು ಸುತ್ತು ಗಂಟೆಯೊಳಗೆ ಮುಗಿಯುತ್ತದೆ. ಪ್ರೇಮಕ್ಕಿಂತ ನಗು ಹೆಚ್ಚು. ಡೋಕಿ ಡೋಕಿ ಲಿಟರೇಚರ್ ಕ್ಲಬ್ ಮಾತ್ರ ಮುಖಪುಟ ನೋಡಿ ಎತ್ತಿಕೊಳ್ಳಬೇಡಿ. ಅದು ಪ್ರೇಮದ ಆಟದ ವೇಷ ತೊಟ್ಟ ಭಯದ ಆಟ, ಆತ್ಮಹತ್ಯೆಯ ವಿಷಯ ನೇರವಾಗಿ ಬರುತ್ತದೆ. ತೆರೆಯುವಾಗ ಕೊಡುವ ಎಚ್ಚರಿಕೆಯನ್ನು ಓದಿ ತೀರ್ಮಾನಿಸಿ.

ಯಂತ್ರದ ವಿಚಾರ. ಇವುಗಳಿಗೆ ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ, ಹಳೆಯ ಲ್ಯಾಪ್‌ಟಾಪ್ ಸಾಕು. ರೆನ್‌ಪೈ ಆಟಗಳಲ್ಲಿ ಕೆಲವು ಕೀಲಿಗಳು ರೂಢಿಯಾಗಿವೆ: ಎಚ್ ಒತ್ತಿದರೆ ಮಾತಿನ ಪಟ್ಟಿ ಮರೆಯಾಗಿ ಚಿತ್ರ ಪೂರ್ತಿ ಕಾಣುತ್ತದೆ, ಕಂಟ್ರೋಲ್ ಹಿಡಿದರೆ ಸ್ಕಿಪ್, ವಿ ಒತ್ತಿದರೆ ಕಂಪ್ಯೂಟರೇ ಓದಿ ಹೇಳುತ್ತದೆ. ಮೌಸ್ ಚಕ್ರವನ್ನು ಹಿಂದಕ್ಕೆ ತಿರುಗಿಸಿದರೆ ಕಥೆಯೇ ಹಿಂದೆ ಸರಿದು ಹಿಂದಿನ ಆಯ್ಕೆಯನ್ನು ಬದಲಿಸಬಹುದು. ಕೆಲವು ತಂಡಗಳು ಇದನ್ನು ಬೇಕೆಂದೇ ಮುಚ್ಚಿರುತ್ತವೆ. ಜಪಾನಿನ ಆಟಗಳಲ್ಲಿ ಚಕ್ರ ತಿರುಗಿಸಿದರೆ ಸಾಮಾನ್ಯವಾಗಿ ಬ್ಯಾಕ್‌ಲಾಗ್ ತೆರೆಯುತ್ತದೆ, ಅಂದರೆ ಹಿಂದಿನ ಮಾತು ಓದಬಹುದು, ತೀರ್ಮಾನ ಬದಲಿಸಲಾಗದು. ಹೀಗಾಗಿಯೇ ಅಲ್ಲಿ ಸೇವ್ ಶಿಸ್ತು ಹೆಚ್ಚು ಬೇಕು. ರೆನ್‌ಪೈ ಆಟಗಳ ಸೇವ್‌ಗಳು ವಿಂಡೋಸ್‌ನಲ್ಲಿ ಆಪ್‌ಡೇಟಾ ಫೋಲ್ಡರಿನ ರೆನ್‌ಪೈ ಎಂಬ ಜಾಗದಲ್ಲೂ ಉಳಿಯುತ್ತವೆ. ಆಟ ತೆಗೆದುಹಾಕಿ ಮತ್ತೆ ಹಾಕಿದರೂ ಹಳೆಯದು ಸಿಗುವುದು ಇದರಿಂದಲೇ. ಕಂಪ್ಯೂಟರ್ ಬದಲಿಸುವಾಗ ಆ ಫೋಲ್ಡರನ್ನು ನಕಲು ಮಾಡಿಕೊಳ್ಳಿ.

ಸ್ಟೀಮ್‌ನ ಅಧಿಕೃತ ಆವೃತ್ತಿಗಳು ನಮ್ಮ ವಿಂಡೋಸ್‌ನಲ್ಲಿ ಹಾಗೇ ನಡೆಯುತ್ತವೆ. ಹಳೆಯ ಜಪಾನಿ ಡಿಸ್ಕ್ ತಂದವರಿಗೆ ಮಾತ್ರ ಅಕ್ಷರಗಳೆಲ್ಲ ಕಲಸಿ ಕಾಣುತ್ತವೆ, ಕಾರಣ ಅವು ಯೂನಿಕೋಡ್ ಬಳಸುವುದಿಲ್ಲ. ಕಂಟ್ರೋಲ್ ಪ್ಯಾನೆಲ್‌ನ ರೀಜನ್ ವಿಭಾಗದಲ್ಲಿ ಸಿಸ್ಟಂ ಲೊಕೇಲ್ ಅನ್ನು ಜಪಾನೀಸ್ ಮಾಡಿ ಯಂತ್ರ ಮತ್ತೆ ಚಾಲೂ ಮಾಡಿದರೆ ಸರಿಹೋಗುತ್ತದೆ. ಆದರೆ ಅದೇ ಕಂಪ್ಯೂಟರಿನಲ್ಲಿ ಹಳೆಯ ನುಡಿ, ಬರಹದಲ್ಲಿ ಯೂನಿಕೋಡ್ ಅಲ್ಲದ ಕನ್ನಡ ಕಡತ ಇಟ್ಟುಕೊಂಡವರಿಗೆ ಆಗ ಅವು ಕೆಟ್ಟು ಕಾಣಬಹುದು. ಆಟ ಮುಗಿದ ಮೇಲೆ ಲೊಕೇಲ್ ಹಿಂದಿರುಗಿಸಿ.

ನಾಲ್ಕರಲ್ಲಿ ಒಂದೂ ಕನ್ನಡದಲ್ಲಿಲ್ಲ. ಇಂಗ್ಲಿಷ್ ಓದು ನಿಧಾನ ಎನ್ನುವವರಿಗೆ ಅವರ್ ಲೈಫ್ ಸರಳ: ಚಿಕ್ಕ ವಾಕ್ಯ, ದಿನಬಳಕೆಯ ಮಾತು. ಕತಾವಾ ಶೋಜೊ ನಡುಮಟ್ಟ. ಕ್ಲಾನಾಡ್ ಉದ್ದದಿಂದಲೇ ಕಷ್ಟ. ಕನ್ನಡದಲ್ಲೇ ಒಂದನ್ನು ಬರೆಯಬೇಕು ಎನ್ನುವವರಿಗೆ ದಾರಿ ಮೊದಲಿಗಿಂತ ಸಲೀಸಾಗಿದೆ. ರೆನ್‌ಪೈಯ ಹಳೆಯ ಆವೃತ್ತಿಗಳಲ್ಲಿ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಜಾರುತ್ತಿತ್ತು. ಈಚಿನವುಗಳಲ್ಲಿ ಹಾರ್ಫ್‌ಬಜ್ ಅಕ್ಷರ ಜೋಡಣೆ ಬಂದಿರುವುದರಿಂದ ಕನ್ನಡದ ಯೂನಿಕೋಡ್ ಫಾಂಟ್ ಒಂದನ್ನು ಆಟದ ಫೋಲ್ಡರಿನಲ್ಲಿ ಇಟ್ಟು ಹೆಸರಿಸಿದರೆ ಅಕ್ಷರ ಕೂಡಿಕೊಳ್ಳುತ್ತದೆ. ‘ನೀವು’ ಯಾವ ದೃಶ್ಯದಲ್ಲಿ ‘ನೀನು’ ಆಗಬೇಕು ಎಂಬುದನ್ನು ಬರೆಯುವವರೇ ಗೊತ್ತುಮಾಡಬೇಕು, ಅದಕ್ಕೆ ಯಾವ ಎಂಜಿನ್ನೂ ಸಹಾಯ ಮಾಡದು.

ಕೊಳ್ಳುವ ಕ್ರಮ ಹೀಗಿರಲಿ. ಮೊದಲು ಕತಾವಾ ಶೋಜೊ, ಹನಾಕೊ ಅಥವಾ ಎಮಿಯ ಒಂದು ದಾರಿ. ಹಣ ಹೋಗುವುದಿಲ್ಲ, ಒಂದು ವಾರದ ಸಂಜೆಗಳು ಸಾಕು. ಹಿಸಾವೊನನ್ನು ನೋಡುತ್ತಾ ಕೂತದ್ದು ಹಿತವಾಯಿತೆಂದರೆ ಸ್ಟೀಮ್‌ನಲ್ಲಿ ಬೆಲೆ ಇಳಿಯುವ ದಿನ ಕಾದು ಕ್ಲಾನಾಡ್ ಕೊಳ್ಳಿ. ಸ್ವಿಚ್ ಇದ್ದು ಪತ್ತೇದಾರಿ ಹಿಡಿಸುವುದಾದರೆ ಕಾಲರ್ ಮ್ಯಾಲಿಸ್. ‘ಇವನ ಜಾಗದಲ್ಲಿ ನಾನಿದ್ದಿದ್ದರೆ ಬೇರೆ ಮಾತು ಹೇಳುತ್ತಿದ್ದೆ’ ಎಂದು ಪದೇಪದೇ ಅನ್ನಿಸಿತೆಂದರೆ ಅವರ್ ಲೈಫ್ ಇಳಿಸಿಕೊಳ್ಳಿ, ಹೆಚ್ಚುವರಿಗಳಿಗೆ ಎರಡನೇ ಹಂತದ ಬಾಗಿಲಲ್ಲಿ ನಿಂತು ಹಣ ಕೊಡಿ.